ಹೂಂ ಅಂದವಳಿಗೆ ವಾಪಸ್ ದಾರಿ

"ಆಕೀನ ಹೂಂ ಅಂದಿದ್ಲಲ್ಲ, ಈಗ್ಯಾಕ ಅಳೋದು?"

ನಮ್ಮ ಕಡೆ, ಅಂದರೆ ವಿಜಯಪುರ, ತಿಕೋಟಾ, ಬಬಲೇಶ್ವರದ ಸುತ್ತ, ದೂರ ಕೊಟ್ಟ ಮಗಳ ವಿಷಯ ಬಂದಾಗಲೆಲ್ಲ ಯಾರಾದರೊಬ್ಬರು ಈ ಮಾತು ಅಂದೇ ಅನ್ನುತ್ತಾರೆ. ಮೊದಲು ದೂರ ಅಂದರೆ ಸೊಲ್ಲಾಪುರ, ಸಾಂಗ್ಲಿ, ಬಹಳ ಆದರೆ ಪುಣೆ. ಈಗ ಡಲ್ಲಾಸ್, ಸ್ಯಾನ್ ಹೊಸೆ, ಟೊರಾಂಟೊ. ಮಗಳು ವಾಟ್ಸ್ಯಾಪ್ ಕಾಲ್‌ನಲ್ಲಿ "ಆರಾಮ ಅದೀನಿ ಬೇ ಯವ್ವಾ" ಅನ್ನುತ್ತಾಳೆ. ಆಕೆ ಆರಾಮಿಲ್ಲ ಅನ್ನೋದು ತಾಯಿಗೆ ಆ ಒಂದು ಮಾತಿನಲ್ಲೇ ಗೊತ್ತಾಗುತ್ತೆ. ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರೆ ಮನೆಯ ಹಿರಿಯರು ಈ ಮಾತು ಹೇಳಿ ವಿಷಯ ಮುಗಿಸುತ್ತಾರೆ. ಹುಡುಗನ ಫೋಟೋ ತೋರಿಸಿದ್ವಿ, ವಿಡಿಯೋ ಕಾಲ್‌ನಲ್ಲಿ ಮಾತಾಡಿಸಿದ್ವಿ, ಮನಸಿಗೆ ಬಂತೇನು ಅಂತ ಕೇಳಿದ್ವಿ, ಹೂಂ ಅಂದಳು. ಲೆಕ್ಕ ಚುಕ್ತಾ.

ಈ ಲೆಕ್ಕ ಸರಿ ಇದೆಯಾ? ಒಮ್ಮೆ ಒಪ್ಪಿದವರು ಆ ಒಪ್ಪಿಗೆಯಿಂದ ಮುಂದೆ ಬಂದದ್ದಕ್ಕೆಲ್ಲ ತಾವೇ ಹೊಣೆಯಾ? ನನಗೆ ಬಹಳ ದಿನದಿಂದ ಕಾಡುತ್ತಿರುವ ಪ್ರಶ್ನೆ ಇದು.

ಮೊದಲು ಆಕೆ ಹೂಂ ಅಂದಿದ್ದು ಯಾವುದಕ್ಕೆ ಅಂತ ನೋಡೋಣ. ವಿಜಯಪುರದಲ್ಲಿ ನನ್ನ ಜೊತೆ ಬಿಇ ಓದಿದ ಹುಡುಗಿಯರಲ್ಲಿ ಕೆಲವರು ನಮಗಿಂತ ಚೆನ್ನಾಗಿ ಕೋಡ್ ಬರೆಯುತ್ತಿದ್ದರು. ಮದುವೆಯಾಗಿ ಅಮೆರಿಕಕ್ಕೆ ಹೋದರು. ಗಂಡನದು ಎಚ್-1ಬಿ ವೀಸಾ, ಹೆಂಡತಿಯದು ಎಚ್-4. ಕಾಗದದ ಮೇಲೆ ಆಕೆ 'ಡಿಪೆಂಡೆಂಟ್'. ಎಚ್-4ರಲ್ಲಿ ಹೋದವರಿಗೆ ಸಂಬಳದ ಕೆಲಸ ಮಾಡುವ ಹಕ್ಕು ಇರಲಿಲ್ಲ. 2015ರ ಮೇ ತಿಂಗಳಲ್ಲಿ ಬಂದ ನಿಯಮ ಕೆಲವರಿಗೆ ಕೆಲಸದ ಪರವಾನಗಿ ಕೊಟ್ಟಿತು. ಅದೂ ಮುಖ್ಯವಾಗಿ ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದ್ದರೆ. ಹೀಗೆ ಪರವಾನಗಿ ಪಡೆದವರಲ್ಲಿ ಬಹುಪಾಲು ಭಾರತದ ಹೆಂಗಸರೇ. ಉಳಿದವರು ಕಾಯಬೇಕು. ಯಾವುದೇ ಒಂದು ದೇಶದವರಿಗೆ ವರ್ಷದ ಗ್ರೀನ್ ಕಾರ್ಡ್‌ಗಳಲ್ಲಿ ನೂರಕ್ಕೆ 7ಕ್ಕಿಂತ ಹೆಚ್ಚು ಸಿಗಬಾರದು ಅನ್ನೋ ಮಿತಿ ಇರುವುದರಿಂದ ನಮ್ಮವರ ಕ್ಯೂ ಹನುಮಂತನ ಬಾಲ. ಗಂಡನ ಕೆಲಸ ಹೋದರೆ ಸಾಮಾನ್ಯವಾಗಿ 60 ದಿನದಲ್ಲಿ ಬೇರೆ ದಾರಿ ನೋಡಿಕೊಳ್ಳಬೇಕು. ಮದುವೆ ಮುರಿದರೆ ಎಚ್-4 ಕೂಡ ಮುಗಿಯಿತು. ಅಂದರೆ ಗಂಡ ಕೈ ಎತ್ತಿದ ದಿನ ಆಕೆಗೆ ಗಂಡ, ಮನೆ, ದೇಶ ಮೂರೂ ಒಟ್ಟಿಗೇ ಇಲ್ಲ. ಮಕ್ಕಳು ಅಲ್ಲೇ ಹುಟ್ಟಿದ್ದರೆ ಅವರು ಅಮೆರಿಕದ ಪ್ರಜೆಗಳು, ಆಕೆ ಅಲ್ಲ.

ಹೆಣ್ಣು ನೋಡುವ ದಿನ ಚಹಾ, ಚೂಡಾ ಮುಂದಿಟ್ಟುಕೊಂಡು ಕೂತವರಲ್ಲಿ ಇದನ್ನೆಲ್ಲ ಆಕೆಗೆ ಹೇಳಿದವರು ಯಾರು? ಪ್ಯಾಕೇಜ್ ಎಷ್ಟು ಅಂತ ಎಲ್ಲರಿಗೂ ಗೊತ್ತಿತ್ತು. ವೀಸಾ ಯಾವುದು ಅಂತ ಹುಡುಗನಿಗೆ ಮಾತ್ರ ಗೊತ್ತಿತ್ತು.

ಇದು ನಮ್ಮ ಕಾಲದ ಹೊಸ ಕಥೆ ಅಂತ ಅನ್ನಿಸಬಹುದು. ನೂರು ವರ್ಷದ ಹಿಂದೆ ಇದೇ ಅಮೆರಿಕಕ್ಕೆ ಫೋಟೋ ನೋಡಿ ಹೂಂ ಅಂದು ಹಡಗು ಹತ್ತಿದ ಜಪಾನಿನ ಹೆಣ್ಣುಮಕ್ಕಳಿದ್ದರು. ಅವರ ಕಥೆ ಓದಿದರೆ ನಮ್ಮ ಓಣಿಯ ಕಥೆ ಓದಿದಂಗ ಆಗತೈತಿ.

1907-08ರಲ್ಲಿ ಅಮೆರಿಕ ಮತ್ತು ಜಪಾನ್ ಒಂದು ಒಪ್ಪಂದ ಮಾಡಿಕೊಂಡವು. ಅದರ ಹೆಸರು 'ಜೆಂಟಲ್‌ಮನ್ಸ್ ಅಗ್ರಿಮೆಂಟ್'. ಜಪಾನ್ ಇನ್ನು ಹೊಸ ಕೂಲಿಗಳನ್ನು ಕಳಿಸುವಂತಿಲ್ಲ, ಆದರೆ ಆಗಲೇ ಅಲ್ಲಿರುವವರ ಹೆಂಡತಿ ಮಕ್ಕಳು ಹೋಗಬಹುದು. ಅಲ್ಲಿದ್ದ ಸಾವಿರಾರು ಗಂಡಸರಿಗೆ ಮದುವೆಯೇ ಆಗಿರಲಿಲ್ಲ. ಊರಿಗೆ ಬಂದು ಮದುವೆಯಾಗಲು ರೊಕ್ಕ ಇಲ್ಲ. ಹಾಗಾಗಿ ಫೋಟೋ ಅತ್ತ ಇತ್ತ ಓಡಾಡಿದವು. ಹುಡುಗಿಯ ಹೆಸರನ್ನು ಗಂಡಿನ ಮನೆತನದ ದಾಖಲೆಯಲ್ಲಿ, ಅದಕ್ಕೆ ಅವರು 'ಕೊಸೆಕಿ' ಅನ್ನುತ್ತಾರೆ, ಬರೆಸಿದರೆ ಸಾಕು, ಮದುಮಗ ಎದುರಿಗೆ ಇಲ್ಲದಿದ್ದರೂ ಜಪಾನಿನಲ್ಲಿ ಮದುವೆ ಆದಂತೆ. ಹೀಗೆ ಅಮೆರಿಕದ ಪಶ್ಚಿಮ ಕರಾವಳಿಗೇ ಹತ್ತು ಸಾವಿರಕ್ಕಿಂತ ಹೆಚ್ಚು ಹೆಂಗಸರು ಹೋದರು, ಹವಾಯಿಗೂ ಸಾವಿರ ಸಾವಿರ ಹೋದರು. ಹಡಗು ಇಳಿದಾಗ ಕೈಯಲ್ಲಿದ್ದ ಫೋಟೋ ಮತ್ತು ಎದುರಿಗೆ ನಿಂತ ಮನುಷ್ಯ ತಾಳೆ ಆಗದೆ ದಂಗಾದವರು ಬಹಳ. ಹತ್ತು ಹದಿನೈದು ವರ್ಷ ಹಳೆಯ ಫೋಟೋ, ಯಾರದೋ ಕಡ ತಂದ ಕೋಟು. ಈಗಿನ ಮ್ಯಾಟ್ರಿಮೊನಿ ಪ್ರೊಫೈಲ್ ಫೋಟೋ ನೆನಪಿಗೆ ಬಂದರೆ ನಗಬೇಡಿ.

ಹವಾಯಿಗೆ ಹೋದವರಿಗೆ ಸಿಕ್ಕಿದ್ದು ಕಬ್ಬಿನ ಗದ್ದೆ. ನಿಂತ ಕಬ್ಬಿನಿಂದ ಒಣ ಎಲೆ, ನಾವು ರವದಿ ಅಂತೀವಲ್ಲ, ಅದನ್ನು ಸುಲಿಯುವುದು ಹೆಚ್ಚಾಗಿ ಹೆಂಗಸರ ಕೆಲಸ. ಆ ಕೆಲಸಕ್ಕೆ ಹವಾಯಿ ಭಾಷೆಯಲ್ಲಿ 'ಹೋಲೆಹೋಲೆ' ಅನ್ನುತ್ತಿದ್ದರು. ಸುಲಿಯುತ್ತಾ ಹಾಡುತ್ತಿದ್ದ ಜಪಾನಿ ಹಾಡುಗಳಿಗೆ 'ಹೋಲೆಹೋಲೆ ಬುಶಿ' ಅಂತಲೇ ಹೆಸರು ಬಿತ್ತು. ಗಂಡಸರಿಗಿಂತ ಕಡಿಮೆ ಪಗಾರ. ಸಂಜೆ ಮನೆಗೆ ಬಂದು ಅಡುಗೆ, ಒಗೆಯೋದು, ಮಕ್ಕಳು. ನಮ್ಮ ಜಿಲ್ಲೆಯ ತಾಂಡಾಗಳಿಂದ, ಹಳ್ಳಿಗಳಿಂದ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗುವ ಹೆಂಗಸರಿಗೆ ಈ ಬದುಕನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿನ ಗ್ಯಾಂಗುಗಳಲ್ಲಿ ಗಂಡ-ಹೆಂಡತಿ ಸೇರಿ ಒಂದು ಜೋಡಿ ಅಂತ ಲೆಕ್ಕ, ಮುಂಗಡ ಗಂಡನ ಕೈಗೆ.

ಕ್ಯಾಲಿಫೋರ್ನಿಯಾಕ್ಕೆ ಹೋದವರ ಕಥೆ ನಮ್ಮ ತಿಕೋಟಾಕ್ಕೆ ಇನ್ನೂ ಹತ್ತಿರ. ಅಲ್ಲಿ ಫ್ರೆಸ್ನೊ ಅಂತ ಊರು, ಒಣದ್ರಾಕ್ಷಿಗೆ ಹೆಸರಾದದ್ದು. 1900ರ ನಂತರದ ವರ್ಷಗಳಲ್ಲಿ ಅಲ್ಲಿ ದ್ರಾಕ್ಷಿ ಕೀಳಲು ಬರುತ್ತಿದ್ದವರಲ್ಲಿ ಸಾವಿರಾರು ಜಪಾನಿ ಕೂಲಿಗಳಿದ್ದರು. ಥಾಮ್ಸನ್ ಸೀಡ್‌ಲೆಸ್ ಅಂತ ನಾವು ಹಾಕುತ್ತೇವಲ್ಲ, ಆ ಹೆಸರು ಬಂದಿದ್ದೇ ಕ್ಯಾಲಿಫೋರ್ನಿಯಾದ ಒಬ್ಬ ಬೆಳೆಗಾರನಿಂದ. ಅದೇ ದ್ರಾಕ್ಷಿ, ಅದೇ ಬಿಸಿಲು. ಇಲ್ಲಿಯ ಶೆಡ್ಡುಗಳಲ್ಲಿ ಹಸಿ ಕಾಯಿ ಆರಿಸುತ್ತ ಕೂತಿರುವ ಹೆಂಗಸರ ಹಾಗೆಯೇ ಅಲ್ಲಿಯ ತೋಟಗಳಲ್ಲಿ ಆ ಹೆಂಗಸರು ಗಂಡನ ಪಕ್ಕ ನಿಂತು ದುಡಿದರು.

ಅವರು ಯಾರೂ ಅಲ್ಲೇ ಉಳಿಯಲು ಹೋದವರಲ್ಲ. ಜಪಾನಿ ಭಾಷೆಯಲ್ಲಿ 'ದೆಕಾಸೆಗಿ' ಅಂತ ಒಂದು ಶಬ್ದ ಇದೆ. ಕನ್ನಡಕ್ಕೆ ತರುವುದು ಬಹಳ ಸುಲಭ: ದುಡಿಯಾಕ ಹೋಗೋದು. ನಾಲ್ಕೈದು ವರ್ಷ ದುಡಿದು, ಸಾಲ ಹರಿದು, ಊರಿಗೆ ಬಂದು ಒಂದಿಷ್ಟು ಹೊಲ ಹಿಡಿಯೋದು. ಬಹಳ ಜನ ಹೆಂಗಸರು ಹಡಗು ಹತ್ತಿದ್ದು ಈ ಲೆಕ್ಕದ ಮೇಲೆ. ಆಮೇಲೆ ಮಕ್ಕಳಾದವು, ಉಳಿತಾಯ ಆಗಲಿಲ್ಲ, ಬರಿಗೈಲಿ ಹೋದರೆ ಊರವರು ಏನಂದಾರು ಅನ್ನೋ ನಾಚಿಕೆ. ಗಂಡನ ಕಾಟ ತಾಳದೆ ಬಿಟ್ಟು ಹೋದವರೂ ಇದ್ದರು. ಅಂಥವರ ವರ್ಣನೆ ಕೊಟ್ಟು, ಹುಡುಕಿಕೊಟ್ಟವರಿಗೆ ಬಹುಮಾನ ಅಂತ ಗಂಡಂದಿರು ಅಲ್ಲಿನ ಜಪಾನಿ ಪತ್ರಿಕೆಗಳಲ್ಲಿ ಜಾಹೀರಾತು ಹಾಕಿಸಿದರು, ದನ ಕಳೆದವರ ಹಾಗೆ. 1920ರಲ್ಲಿ ಅಮೆರಿಕದ ಒತ್ತಡಕ್ಕೆ ಜಪಾನ್ ಸರ್ಕಾರ ಇಂಥ ಮದುಮಗಳಂದಿರಿಗೆ ಪಾಸ್‌ಪೋರ್ಟ್ ಕೊಡುವುದನ್ನು ನಿಲ್ಲಿಸಿತು. 1924ರ ಕಾನೂನು ಜಪಾನಿನಿಂದ ವಲಸೆಯ ಬಾಗಿಲನ್ನೇ ಹಾಕಿತು. ಅಲ್ಲಿದ್ದವರಿಗೆ ಪೌರತ್ವ ಕೇಳುವ ಹಕ್ಕು ಸಿಕ್ಕಿದ್ದು 1952ರಲ್ಲಿ. 1915ರಲ್ಲಿ ಹೋದ ಹುಡುಗಿ ಇದಕ್ಕಾಗಿ 37 ವರ್ಷ ಕಾಯಬೇಕಾಯಿತು. ನಡುವೆ 1942ರಲ್ಲಿ ಸುಮಾರು 1,20,000 ಜಪಾನಿ ಮೂಲದವರನ್ನು ಮನೆ ಅಂಗಡಿ ಬಿಡಿಸಿ ಮುಳ್ಳುತಂತಿಯ ಕ್ಯಾಂಪುಗಳಿಗೆ ಹಾಕಿದರು. ಅವರಲ್ಲಿ ಮೂರರಲ್ಲಿ ಎರಡು ಪಾಲು ಜನ ಅಲ್ಲಿಯ ಪ್ರಜೆಗಳೇ ಆಗಿದ್ದರು.

ಈಗ ಹೇಳಿ, ಯೊಕೊಹಾಮಾದಲ್ಲಿ ಹಡಗು ಹತ್ತುವಾಗ ಅಂದ ಒಂದು ಹೂಂ ಇಷ್ಟೆಲ್ಲಕ್ಕೆ ಸಾಕಾಗುತ್ತಾ?

ಇದಕ್ಕೆ ಒಂದು ಉತ್ತರ ಇದೆ. ಮುಂದೇನಾಗುತ್ತೆ ಅಂತ ಯಾರಿಗೂ ಗೊತ್ತಿರಲ್ಲ, ಹೋದ ಗಂಡಸಿಗೂ ಗೊತ್ತಿರಲಿಲ್ಲ, ಎಲ್ಲಾ ನಿರ್ಧಾರಗಳೂ ಅರ್ಧ ಕತ್ತಲಲ್ಲೇ ಆಗೋದು. ಪೂರ್ತಿ ತಿಳಿದ ಮೇಲೇ ಒಪ್ಪಬೇಕು ಅಂದರೆ ಜಗತ್ತಿನಲ್ಲಿ ಒಬ್ಬರೂ ಮದುವೆ ಆಗಲ್ಲ, ಕೆಲಸಕ್ಕೆ ಸೇರಲ್ಲ. ಈ ಮಾತು ಖರೆ. ಹಾಗಾಗಿ "ಆಕೆಗೆ ಮೊದಲೇ ಎಲ್ಲಾ ಗೊತ್ತಿತ್ತಾ" ಅನ್ನೋ ಪ್ರಶ್ನೆ ಬಹಳ ದೂರ ಹೋಗಲ್ಲ. ಬೇರೆ ಪ್ರಶ್ನೆ ಬೇಕು.

ಸಾಫ್ಟ್‌ವೇರ್‌ನಲ್ಲಿ ಇರುವವರಿಗೆ ಆ ಪ್ರಶ್ನೆ ಗೊತ್ತು. ಪ್ರೊಡಕ್ಷನ್‌ಗೆ ಹೊಸ ರಿಲೀಸ್ ಹಾಕುವ ಮುಂಚೆ ಮ್ಯಾನೇಜರ್ ಕೇಳುವುದು "ಎಲ್ಲಾ ಸರಿ ಹೋಗುತ್ತಾ" ಅಂತ ಅಲ್ಲ. ಅದಕ್ಕೆ ಯಾರೂ ಗ್ಯಾರಂಟಿ ಕೊಡಲ್ಲ. "ರೋಲ್‌ಬ್ಯಾಕ್ ಪ್ಲಾನ್ ಏನು?" ಅಂತ ಕೇಳುತ್ತಾರೆ. ಕೆಟ್ಟರೆ ಹಿಂದಿನ ಸ್ಥಿತಿಗೆ ಹೇಗೆ ಬರೋದು? ಅದಕ್ಕೆ ಉತ್ತರ ಇಲ್ಲದಿದ್ದರೆ ಶುಕ್ರವಾರ ಸಂಜೆ ಯಾರೂ ಎಂಟರ್ ಒತ್ತಲ್ಲ. ಒಂದು ಸರ್ವರ್‌ಗೆ ನಾವು ತೋರಿಸುವ ಈ ಕಾಳಜಿಯನ್ನು ಮಗಳಿಗೆ ತೋರಿಸುತ್ತೀವಾ?

ನನಗೆ ಅನ್ನಿಸುವುದು ಇಷ್ಟು. ಒಂದು ಒಪ್ಪಿಗೆಗೆ ಬೆಲೆ ಬರೋದು ಆ ಕ್ಷಣದಲ್ಲಿ ಅಂದ ಹೂಂನಿಂದಲ್ಲ, ಮುಂದೆ ಎಂದಾದರೂ ಒಲ್ಲೆ ಅನ್ನಲು ಇರುವ ಜಾಗದಿಂದ. ವಾಪಸ್ ಬರುವ ದಾರಿ ತೆರೆದಿದ್ದೂ ಒಬ್ಬಾಕೆ ಅಲ್ಲೇ ಉಳಿದರೆ, ಪ್ರತಿದಿನ ಆಕೆ ಹೊಸದಾಗಿ ಹೂಂ ಅಂದಂತೆ. ದಾರಿ ಮುಚ್ಚಿದ ಮೇಲೆ ಉಳಿದರೆ ಅದು ಹಳೆಯ ಹೂಂನ ಬಡ್ಡಿ ಕಟ್ಟುತ್ತಾ ಇರುವುದು.

ಇದನ್ನು ನಮ್ಮ ಹಿರಿಯರು ತಿಳಿದಿರಲಿಲ್ಲ ಅಂತಲ್ಲ. ತಿಳಿದೇ ಪಂಚಮಿ ಮಾಡಿದರು. ಶ್ರಾವಣದಲ್ಲಿ ಅಣ್ಣನೋ ತಮ್ಮನೋ ಅಕ್ಕ-ತಂಗಿಯರನ್ನು ಕರೆಯಾಕ ಹೋಗಬೇಕು. ರೊಟ್ಟಿ ಹಬ್ಬ, ಶೇಂಗಾ ಉಂಡಿ, ಅಳ್ಳು, ಬೇವಿನ ಮರಕ್ಕೆ ಜೋಕಾಲಿ. ಹೊರಗಿನವರಿಗೆ ಇದು ಹಬ್ಬ ಅಷ್ಟೇ. ನನ್ನ ಕಣ್ಣಿಗೆ ಅದು ವರ್ಷಕ್ಕೊಮ್ಮೆ ನಡೆಯುವ ತಪಾಸಣೆ. ಹುಡುಗಿ ಹೇಗಿದ್ದಾಳೆ, ಮೈ ಮೇಲೆ ಏನಾದರೂ ಗುರುತು ಇದೆಯಾ, ಮೊದಲಿನ ಹಾಗೆ ನಗುತ್ತಾಳಾ ಅಂತ ತಾಯಿ ನೋಡುವ ದಿನ. ಅತ್ತೆ ಮನೆಯವರಿಗೂ ಈಕೆಯ ಹಿಂದೆ ಜನ ಇದ್ದಾರೆ ಅಂತ ನೆನಪು ಮಾಡಿಕೊಡುವ ದಿನ. ಚೊಚ್ಚಲ ಬಾಣಂತನ ತವರಲ್ಲಿ ಅನ್ನೋದೂ ಇದೇ ಬುದ್ಧಿಯಿಂದ ಬಂದದ್ದು. ಜಪಾನಿನಲ್ಲೂ ಇದು ಹೀಗೇ ಇದೆ ಅಂತ ತಿಳಿದಾಗ ನನಗೆ ಆಶ್ಚರ್ಯ ಆಯಿತು. ಹೆರಿಗೆಗೆ ತವರಿಗೆ ಹೋಗುವ ಆ ರೂಢಿಗೆ ಅವರು 'ಸಾತೊಗಾಯೆರಿ' ಅನ್ನುತ್ತಾರೆ. ಕಡಲು ದಾಟಿದ ಆ ಮದುಮಗಳಂದಿರು ಕಳೆದುಕೊಂಡಿದ್ದು ಇದನ್ನೇ. ಗದ್ದೆ ಕೆಲಸದ ನಡುವೆ ಹೆತ್ತರು, ತಾಯಿ ಹತ್ತಿರ ಇರಲಿಲ್ಲ.

ಎಲ್ಲಾ ದೂರವೂ ಒಂದೇ ತರಹದ ದೂರ ಅಲ್ಲ ಅನ್ನೋದಕ್ಕೆ ಬೆಂಗಳೂರಿನಲ್ಲೇ ಉದಾಹರಣೆ ಇದೆ. ಬಿಡದಿಯಲ್ಲಿ ಟೊಯೊಟಾ ಕಾರ್ಖಾನೆ 1999ರಲ್ಲಿ ಕಾರು ತಯಾರಿಸಲು ಶುರು ಮಾಡಿದ ಮೇಲೆ ಬೆಂಗಳೂರಿಗೆ ಬರುವ ಜಪಾನಿ ಕುಟುಂಬಗಳು ಹೆಚ್ಚಾದವು. ಗಂಡನ ಜೊತೆ ಬಂದ ಆ ಹೆಂಗಸರಿಗೆ ನಮ್ಮ ಸರ್ಕಾರ ಕೊಡುವ ವೀಸಾದಲ್ಲೂ ಕೆಲಸ ಮಾಡುವಂತಿಲ್ಲ. ಅಮೆರಿಕದವರನ್ನು ಬೈಯುವ ಮುಂಚೆ ಇದು ನೆನಪಿರಲಿ. ಆಕೆಗೂ ಭಾಷೆ ಬಾರದ ಊರು, ಅಪಾರ್ಟ್‌ಮೆಂಟಿನ ನಾಲ್ಕು ಗೋಡೆ, ಮಕ್ಕಳ ಶಾಲೆ. ಕಷ್ಟ ಇಲ್ಲ ಅಂತಲ್ಲ. ಆದರೆ ಕಂಪನಿ ಕಳಿಸಿದ ಇಂಥ ಕುಟುಂಬಗಳು ಸಾಮಾನ್ಯವಾಗಿ ಕೆಲವು ವರ್ಷಕ್ಕೆ ಅಂತಲೇ ಬಂದಿರುತ್ತವೆ, ವಾಪಸ್ ಹೋಗುವ ಖರ್ಚು ಕಂಪನಿಯದು. ಕ್ಯಾಲೆಂಡರಿನಲ್ಲಿ ಒಂದು ತಾರೀಖು ಇದೆ. ಆ ತಾರೀಖು ಇರುವ ಒಂಟಿತನಕ್ಕೂ ಇಲ್ಲದ ಒಂಟಿತನಕ್ಕೂ ಅಜಗಜಾಂತರ.

ನನ್ನ ಮಾತಿಗೆ ಎದುರು ಮಾತೂ ಇದೆ. ದೂರ ಹೋಗಿದ್ದೇ ಬಿಡುಗಡೆ ಆದ ಹೆಂಗಸರಿದ್ದಾರೆ. ಆ ಜಪಾನಿ ಹುಡುಗಿಯರಲ್ಲಿ ಅತ್ತೆಯ ಕಾಟ ಇರಲ್ಲ ಅಂತ ಖುಷಿಯಿಂದ ಹಡಗು ಹತ್ತಿದವರಿದ್ದರು. ನಮ್ಮಲ್ಲೂ ಅಷ್ಟೇ. ಸೆರಗು ತಲೆ ಮೇಲಿಂದ ಜಾರಿದರೆ ಬೈಸಿಕೊಳ್ಳುತ್ತಿದ್ದಾಕೆ ಅಲ್ಲಿ ಕಾರು ಓಡಿಸುತ್ತಾಳೆ, ಕಮ್ಯೂನಿಟಿ ಕಾಲೇಜಿನಲ್ಲಿ ಓದುತ್ತಾಳೆ, ಕನ್ನಡ ಕೂಟದ ನಾಟಕದಲ್ಲಿ ಪಾರ್ಟು ಮಾಡುತ್ತಾಳೆ. ಆಕೆಗೆ ವಾಪಸ್ ಬಾ ಅಂದರೆ ಶಿಕ್ಷೆ ಕೊಟ್ಟಂತೆ. ನಾನು ಹೇಳುತ್ತಿರುವುದು ಎಲ್ಲರೂ ವಾಪಸ್ ಬರಲಿ ಅಂತಲ್ಲ. ಬಾಗಿಲು ತೆರೆದಿರೋದು ಬರೋದಕ್ಕಷ್ಟೇ ಅಲ್ಲ, ಧೈರ್ಯವಾಗಿ ಅಲ್ಲೇ ಇರೋದಕ್ಕೂ ಬೇಕು. ತವರಿನ ಬಲ ಇದ್ದಾಕೆ ಗಂಡನ ಮುಂದೆ ಮಾತಾಡುವ ರೀತಿಯೇ ಬೇರೆ.

ಗಂಡಸರೂ ಸಿಕ್ಕಿಹಾಕಿಕೊಂಡಿದ್ದಾರಲ್ಲ ಅಂತೀರಾ? ಹೌದು. ಇಎಂಐ, ಕ್ಯೂ, ಲೇಆಫ್ ಭಯ ಎಲ್ಲಾ ಅವರಿಗೂ ಇದೆ. ಆದರೆ ಅವನ ಹೆಸರಲ್ಲಿ ವೀಸಾ ಇದೆ, ಸಂಬಳದ ಖಾತೆ ಇದೆ, ಅನುಭವದ ಪತ್ರ ಇದೆ. ವಾಪಸ್ ಬಂದರೆ ಅವನಿಗೆ ಬೆಂಗಳೂರಿನಲ್ಲಿ ಕೆಲಸ ಸಿಗುತ್ತೆ, ಊರಲ್ಲಿ ಸ್ವಾಗತ ಸಿಗುತ್ತೆ. ಹತ್ತು ವರ್ಷ ಮನೆಯಲ್ಲಿದ್ದಾಕೆ ಬಂದರೆ ಸಿಗುವುದು "ಯಾಕ ಬಂದ್ಲು?" ಅನ್ನೋ ಪ್ರಶ್ನೆ.

ಇಲ್ಲಿಗೆ ವೀಸಾ ಆಫೀಸು ಬಿಟ್ಟು ನಮ್ಮ ಮನೆಗೆ ಬಂದ್ವಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಜಪಾನಿನಲ್ಲಿದ್ದ ಅಮೆರಿಕನ್ ಸೈನಿಕರನ್ನು ಹತ್ತಾರು ಸಾವಿರ ಹೆಂಗಸರು ಮದುವೆಯಾಗಿ ಅಮೆರಿಕಕ್ಕೆ ಹೋದರು. ಅವರಲ್ಲಿ ಎಷ್ಟೋ ಜನರನ್ನು ತವರಿನವರೇ ಕಡಿದುಹಾಕಿದರು, ಮಗಳು ಸತ್ತಳು ಅಂದುಕೊಂಡರು. ಅಲ್ಲಿ ದಾರಿ ಮುಚ್ಚಿದ್ದು ಕಾನೂನಲ್ಲ, ಅಪ್ಪ. ನಮ್ಮಲ್ಲೂ "ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ" ಅಂತ ಗಾದೆ ಮಾಡಿಟ್ಟಿದ್ದೇವೆ. ಪಂಚಮಿಗೆ ಕರೆಯುವುದೂ ನಾವೇ, ಈ ಗಾದೆ ಹೇಳುವುದೂ ನಾವೇ.

ಈ ಗಾದೆ ಈಗ ಎಲ್ಲಿ ಕೆಲಸ ಮಾಡುತ್ತೆ ಗೊತ್ತಾ? ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ. 2005ರ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಷ್ಟೇ ಪಾಲು ಮಗಳಿಗೂ ಇದೆ ಅಂದಿತು, 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನೂ ಗಟ್ಟಿ ಮಾಡಿತು. ಇತ್ತ ನಮ್ಮ ಕಡೆ ಏತ ನೀರಾವರಿಯಿಂದ ಕೃಷ್ಣೆಯ ನೀರು ಕೆರೆಗಳಿಗೆ ಬಂತು. ಒಂದು ಕಾಲಕ್ಕೆ ಟ್ಯಾಂಕರ್ ನೀರು ಹಾಕಿ ದ್ರಾಕ್ಷಿ ಬಳ್ಳಿ ಉಳಿಸಿಕೊಂಡ ಬಬಲೇಶ್ವರ, ತಿಕೋಟಾದ ಹೊಲಗಳಿಗೆ ಬೆಲೆ ಏರಿತು. ಬೆಲೆ ಏರಿದ ಹಾಗೆ ಅಕ್ಕ-ತಂಗಿಯರಿಗೆ ಫೋನ್ ಹೋಗುವುದೂ ಜಾಸ್ತಿಯಾಯಿತು. "ಒಂದ್ ಸಹಿ ಬೇಕಿತ್ತ ಅಕ್ಕಾ, ಲೋನಿಗೆ ತ್ರಾಸ ಆಗೇತಿ." ಹಕ್ಕು ಬಿಡುಗಡೆ ಪತ್ರ. ಅಮೆರಿಕದಲ್ಲಿದ್ದರೆ ಕಾನ್ಸುಲೇಟಿಗೆ ಹೋಗಿ ಪವರ್ ಆಫ್ ಅಟಾರ್ನಿ ಮಾಡಿಸಿ ಕಳಿಸಿದರಾಯಿತು. ಬದಲಿಗೆ ಏನು? ಅರಿಷಿಣ ಕುಂಕುಮಕ್ಕ ತವರು ಇರಬೇಕಲ್ಲ ಅನ್ನೋ ಮಾತು. ಸಹಿ ಹಾಕಿದರೆ ತವರು ಉಳಿಯುತ್ತೆ ಅಂತ ಹೇಳಿ ಹಾಕಿಸುತ್ತೇವೆ. ಹಾಕಿದ ಕ್ಷಣದಿಂದ ಆಕೆ ಆ ಮನೆಗೆ ಅತಿಥಿ. ಅತಿಥಿ ಹಬ್ಬಕ್ಕೆ ಬರಬಹುದು, ಬದುಕೋದಕ್ಕೆ ಬರುವಂತಿಲ್ಲ.

1913ರಲ್ಲಿ ಕ್ಯಾಲಿಫೋರ್ನಿಯಾ ಒಂದು ಕಾನೂನು ಮಾಡಿ, ಪೌರತ್ವ ಪಡೆಯಲು ಅರ್ಹರಲ್ಲದ ವಿದೇಶಿಯರು ಹೊಲ ಕೊಳ್ಳುವಂತಿಲ್ಲ ಅಂದಿತು. ಜಪಾನಿಯರ ಮೇಲೆ ಕಣ್ಣಿಟ್ಟೇ ಮಾಡಿದ ಕಾನೂನು ಅದು. ಅವರಲ್ಲಿ ಹಲವರು ಅಲ್ಲೇ ಹುಟ್ಟಿದ ಮಕ್ಕಳ ಹೆಸರಲ್ಲಿ ನೆಲ ಹಿಡಿದರು. ಕಾಲಿಟ್ಟು ನಿಲ್ಲಲು ತಮ್ಮದು ಅಂತ ಒಂದಿಷ್ಟು ಮಣ್ಣು ಇಲ್ಲದಿದ್ದರೆ ಮನುಷ್ಯನಿಗೆ ಬೆಲೆ ಇಲ್ಲ ಅಂತ ಅವರಿಗೆ ಗೊತ್ತಿತ್ತು. ಪರದೇಶದ ಸರ್ಕಾರ ಪರಕೀಯರಿಗೆ ಮಾಡಿದ್ದನ್ನು ನಾವು ಒಡಹುಟ್ಟಿದವರಿಗೆ ಪ್ರೀತಿಯಿಂದ ಮಾಡುತ್ತೇವೆ.

ತವರಿಗೆ ಬಂದರೆ ಎಲ್ಲಾ ಸರಿಹೋಗುತ್ತೆ ಅಂತ ನಾನು ಹೇಳಲ್ಲ. ವಿಜಯಪುರದಲ್ಲಿ ಚಾಂದ್ ಬಾವಡಿ ಯಾರ ಹೆಸರಲ್ಲಿದೆಯೋ ಆ ಚಾಂದ್ ಬೀಬಿ ಅಹಮದ್‌ನಗರದಿಂದ ಆದಿಲಶಾಹಿಗಳ ಮನೆಗೆ ಸೊಸೆಯಾಗಿ ಬಂದಾಕೆ. ಗಂಡ ಸತ್ತ ಮೇಲೆ ಬಾಲಕ ಸುಲ್ತಾನನ ಪರವಾಗಿ ಇಲ್ಲಿಯ ರಾಜ್ಯ ನೋಡಿಕೊಂಡಳು, ಆಮೇಲೆ ತವರಿಗೆ ಹೋಗಿ 1595-96ರಲ್ಲಿ ಮೊಗಲರ ಮುತ್ತಿಗೆಯನ್ನು ಎದುರಿಸಿ ಆ ಕೋಟೆ ಉಳಿಸಿದಳು. ಕಡೆಗೆ ಆಕೆಯನ್ನು ಕೊಂದವರೂ ತವರಿನ ಜನರೇ. ತವರು ಸುರಕ್ಷಿತ ಅಂತ ಅಲ್ಲ, ಅಲ್ಲಿ ಆಕೆಗೆ ಒಂದು ಸ್ಥಾನ ಇತ್ತು ಅಂತ ಅಷ್ಟೇ ಈ ಕಥೆ ಹೇಳುವುದು. ಆ ಸ್ಥಾನದ ಮೇಲೆ ನಿಂತು ಏನು ಮಾಡಬೇಕು ಅನ್ನೋದನ್ನು ಆಕೆಯೇ ನಿರ್ಧರಿಸಿದಳು.

ಹಾಗಾದರೆ ನಾವು ಮಾಡೋದೇನು? ವೀಸಾ ಕಾನೂನು ನಮ್ಮ ಕೈಯಲ್ಲಿಲ್ಲ. ಕೈಯಲ್ಲಿರುವುದು ಕೆಲವಿದೆ. ಹುಡುಗನ ಪ್ಯಾಕೇಜ್ ಕೇಳುವಾಗ ಹುಡುಗಿಯ ವೀಸಾ ಯಾವುದು, ಕೆಲಸ ಮಾಡಲು ಎಷ್ಟು ವರ್ಷ ಕಾಯಬೇಕು ಅಂತ ಅಷ್ಟೇ ಜೋರಾಗಿ ಕೇಳೋದು. ಆಕೆಯ ಪಾಸ್‌ಪೋರ್ಟ್ ಆಕೆಯ ಬ್ಯಾಗಿನಲ್ಲೇ ಇರಬೇಕು ಅಂತ ಹೇಳಿ ಕಳಿಸೋದು. ಮದುವೆಗೆ ಹಾಕುವ ಬಂಗಾರದಲ್ಲಿ ಒಂದೆರಡು ತೊಲೆ ಕಡಿಮೆ ಮಾಡಿ, ವಾಪಸ್ ಟಿಕೆಟ್ಟಿಗೂ ಆರು ತಿಂಗಳ ಖರ್ಚಿಗೂ ಆಗುವಷ್ಟು ರೊಕ್ಕ ಆಕೆಯ ಒಬ್ಬಳ ಹೆಸರಿನ ಖಾತೆಯಲ್ಲಿ ಇಡೋದು. ಮತ್ತೆ, ಅಣ್ಣ-ತಮ್ಮಂದಿರಾದ ನಾವು ಆ ಸಹಿ ಕೇಳದೇ ಇರೋದು. ಉತಾರದಲ್ಲಿ ಆಕೆಯ ಹೆಸರೂ ಇದ್ದರೆ ದ್ರಾಕ್ಷಿಯೇನು ಹುಳಿಯಾಗಲ್ಲ.

ಇಷ್ಟಾದ ಮೇಲೆ ಆಕೆ ಹೂಂ ಅನ್ನಲಿ, ಹೋಗಲಿ, ಅಲ್ಲೇ ಸುಖವಾಗಿರಲಿ. ಎಂದಾದರೂ ಒಂದು ರಾತ್ರಿ ಫೋನಿನಲ್ಲಿ ದನಿ ಬದಲಾಗಿದ್ದು ಕೇಳಿದರೆ, "ನೀನ ಹೂಂ ಅಂದಿದ್ದಿ" ಅಂತ ನೆನಪಿಸುವುದು ಬೇಡ. ಅದು ಆಕೆಗೆ ನಮಗಿಂತ ಚೆನ್ನಾಗಿ ನೆನಪಿರುತ್ತೆ. "ಯಾವಾಗ ಬರ್ತಿ ತಂಗಿ, ಕರಿಯಾಕ ಬರ್ಲೇನು?" ಅಂತ ಕೇಳಿದರೆ ಸಾಕು.